ಹಲಗೆಯಡಿಯ ಈಜುರೆಕ್ಕೆ

ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಯಂತ್ರದ ದೋಣಿ ವೇಗ ಹಿಡಿದಾಗ ಅಂಗೈಯನ್ನು ನೀರಿಗೆ ಇಳಿಬಿಟ್ಟು ನೋಡಿ. ಬೆರಳು ಕೆಳಗೆ, ಕೈಯ ಅಂಚು ಮುಂದೆ. ನೀರು ಎರಡು ಪಕ್ಕದಲ್ಲೂ ಸೀಳಿಕೊಂಡು ಹೋಗುತ್ತದೆ, ಕೈಗೆ ಭಾರವೇ ಗೊತ್ತಾಗುವುದಿಲ್ಲ. ಈಗ ಮಣಿಕಟ್ಟನ್ನು ಒಂದಿಷ್ಟೇ ತಿರುಗಿಸಿ. ಯಾರೋ ಹಿಡಿದೆಳೆದ ಹಾಗೆ ಕೈ ಪಕ್ಕಕ್ಕೆ ಹೋಗುತ್ತದೆ. ಇನ್ನಷ್ಟು ತಿರುಗಿಸಿದರೆ ಆ ಸೆಳೆತ ಒಮ್ಮೆಲೇ ಸತ್ತುಹೋಗಿ, ಬೆರಳುಗಳ ಹಿಂದೆ ನೀರು ಗುಳುಗುಳು ಸುಳಿದು, ತೋಳು ಹಿಂದಕ್ಕೆ ಜಗ್ಗುತ್ತದೆ. ಸರ್ಫ್‌ಬೋರ್ಡಿನ ಅಡಿಯಲ್ಲಿರುವ ಫಿನ್ ಹಗಲೆಲ್ಲ ಮಾಡುವ ಕೆಲಸ ಇದೇ. ನೀರು ಒಂದಿಷ್ಟು ಓರೆಯಾಗಿ ಬಂದಾಗ ಅದು ಬೋರ್ಡಿನ ಬಾಲವನ್ನು ಅಲೆಗೆ ಕಚ್ಚಿ ಹಿಡಿಸುತ್ತದೆ. ಓರೆ ಅತಿಯಾದಾಗ ಕೈಬಿಡುತ್ತದೆ.

ಮೀನಿಗೆ ಈಜುರೆಕ್ಕೆ, ಬೋರ್ಡಿಗೆ ಫಿನ್. ಅಂಗಡಿಗೆ ಹೋದವರು ಬೋರ್ಡಿನ ಉದ್ದ ಅಳೆಯುತ್ತಾರೆ, ಬಣ್ಣ ನೋಡುತ್ತಾರೆ, ಕಂಕುಳಲ್ಲಿ ಸಿಕ್ಕಿಸಿಕೊಂಡು ತೂಕ ನೋಡುತ್ತಾರೆ. ಮಗುಚಿ ಫಿನ್ ನೋಡುವವರು ಕಡಿಮೆ. ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಿಂದ ಹಳೆಯ ಆಕಾರಗಳು ಮತ್ತೆ ಕಡಲಿಗಿಳಿದಿವೆ: ಐವತ್ತರ ದಶಕದ ಭಾರದ ಲಾಂಗ್‌ಬೋರ್ಡು, ಎಪ್ಪತ್ತರ ದಶಕದ ಸೀಳುಬಾಲದ ಫಿಶ್, ಮೊಟ್ಟೆಯಂತೆ ದುಂಡಗಿನ ಎಗ್. ಇವನ್ನೆಲ್ಲ ಸೇರಿಸಿ ರೆಟ್ರೊ ಬೋರ್ಡು ಎನ್ನುತ್ತಾರೆ. ನನ್ನ ಮಟ್ಟಿಗೆ ಅವುಗಳ ಹಳತನ ಅರ್ಧ ಆಕಾರದಲ್ಲಿದ್ದರೆ ಇನ್ನರ್ಧ ಫಿನ್‌ನಲ್ಲಿದೆ. ಫಿಶ್ ಆಕಾರದ ಬೋರ್ಡಿಗೆ ಇಂದಿನ ಸ್ಪರ್ಧೆಯವರ ಮೂರು ಫಿನ್ ಸಿಕ್ಕಿಸಿದರೆ ಅದು ನೋಡಲು ಫಿಶ್, ಕಾಲಿಗೆ ಬೇರೇನೋ. ಫಿನ್‌ಗಳ ಚರಿತ್ರೆಯನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಮೆಟ್ಟಿಲೇರಿದ ಹಾಗೆ ಹೇಳುವ ರೂಢಿಯಿದೆ. ಹತ್ತಿರದಿಂದ ನೋಡಿದರೆ ಪ್ರತಿಯೊಂದು ಫಿನ್ ಯಾವುದೋ ಒಂದು ಕಡಲತೀರದ, ಯಾವುದೋ ಒಂದು ಮೈಕಟ್ಟಿನ, ಒಂದು ನಿರ್ದಿಷ್ಟ ತೊಂದರೆಯಿಂದ ಹುಟ್ಟಿದ್ದು. ಆ ತೊಂದರೆ ಯಾವುದೆಂದು ತಿಳಿದರೆ ಅದರ ಗುಣ ತಾನಾಗಿ ತಿಳಿಯುತ್ತದೆ.

ಹವಾಯಿಯ ಜನ ನೂರಾರು ವರ್ಷ ಫಿನ್ ಇಲ್ಲದ ಮರದ ಹಲಗೆಗಳ ಮೇಲೆ ಅಲೆಯೇರಿದರು. ತೆಳ್ಳಗಿನ ಅಲಾಯ, ಉದ್ದನೆಯ ಓಲೊ, ಯಾವುದಕ್ಕೂ ಅಡಿಯಲ್ಲಿ ಏನೂ ಇರಲಿಲ್ಲ. ನೇರ ದಡಕ್ಕೆ ಬರುವಾಗ ಅಡ್ಡಿಯಿಲ್ಲ. ಅಲೆಯ ಗೋಡೆಗುಂಟ ಓರೆಯಾಗಿ ಓಡಬೇಕೆಂದಾಗ, ಅದರಲ್ಲೂ ಅಗಲ ಬಾಲದ ಭಾರೀ ಹಲಗೆಗಳಲ್ಲಿ, ಬಾಲ ಕೆಳಕ್ಕೆ ಜಾರಿ ಹಲಗೆ ಅಡ್ಡ ತಿರುಗಿಬಿಡುತ್ತಿತ್ತು. ಹಿಂಗಾಲನ್ನು ನೀರಲ್ಲಿ ಎಳೆಯುತ್ತ ಹಲಗೆಯನ್ನು ಸಂಬಾಳಿಸುತ್ತಿದ್ದರು. ಆ ಜಾರಾಟಕ್ಕೆ 1930ರ ದಶಕದಲ್ಲಿ ಎರಡು ಉತ್ತರಗಳು ಬಂದವು. ವಿಸ್ಕಾನ್ಸಿನ್‌ನಿಂದ ಬಂದ ಟಾಮ್ ಬ್ಲೇಕ್ ಟೊಳ್ಳು ಹಲಗೆಗಳ ತಯಾರಕರು. 1935ರಲ್ಲಿ ವೈಕಿಕಿಯಲ್ಲಿ ಅವರು ಯಾರೋ ಬಿಟ್ಟುಹೋದ ವೇಗದೋಣಿಯೊಂದರ ಲೋಹದ ಕೀಲ್, ಅಂದರೆ ಅಡಿಪಟ್ಟಿಯನ್ನು ಬಿಚ್ಚಿ ತಮ್ಮ ಹಲಗೆಯ ಬಾಲಕ್ಕೆ ಜೋಡಿಸಿದರು. ಸುಮಾರು ಒಂದಡಿ ಉದ್ದ, ನಾಲ್ಕು ಇಂಚು ಆಳದ ಪಟ್ಟಿ ಅದು. ಸರ್ಫ್‌ಬೋರ್ಡಿನ ಮೊದಲ ಫಿನ್ ಎಂದು ಚರಿತ್ರೆ ಬರೆಯುವವರು ಗುರುತಿಸುವುದು ಇದನ್ನೇ. ಎರಡು ವರ್ಷದ ಬಳಿಕ ಒಆಹುವಿನ ಹುಡುಗರು ಜಾನ್ ಕೆಲಿ, ವಾಲಿ ಫ್ರಾಯ್ಸೆತ್, ಫ್ರಾನ್ ಹೀತ್ ಬೇರೆ ದಾರಿ ಹಿಡಿದರು. ಹಲಗೆಯ ಬಾಲವನ್ನೇ ಕೊಡಲಿಯಿಂದ ಕಡಿದು ಕಿರಿದುಮಾಡಿ, ಅಡಿಭಾಗವನ್ನು ದೋಣಿಯ ಹಿಂಭಾಗದಂತೆ ಚೂಪುಗೊಳಿಸಿದರು. ಫಿನ್ ಬೇಡ, ಬಾಲವೇ ಅಲೆಯೊಳಗೆ ಹುದುಗಲಿ ಎಂಬ ಲೆಕ್ಕ. ಹಾಟ್ ಕರ್ಲ್ ಎಂಬ ಈ ಹಲಗೆಗಳು ಕಡಿದಾದ ಅಲೆಗಳಲ್ಲೂ ನಿಂತವು. ಬ್ಲೇಕರ ಉಪಾಯ ಎಲ್ಲರ ಒಪ್ಪಿಗೆ ಪಡೆಯಲು ಹತ್ತು ವರ್ಷ ಹಿಡಿಯಿತು. ಈ ಎರಡು ಉತ್ತರಗಳ ಜಗಳ ಇಂದಿಗೂ ಮುಗಿದಿಲ್ಲವೆಂದೇ ನನಗನ್ನಿಸುತ್ತದೆ. ಹಿಡಿತವನ್ನು ಅಂಚಿನಿಂದ ಪಡೆಯಬೇಕೋ ಫಿನ್‌ನಿಂದಲೋ ಎಂಬ ಪ್ರಶ್ನೆ ಮುಂದೆಯೂ ಮತ್ತೆ ಮತ್ತೆ ಬರುತ್ತದೆ.

ಐವತ್ತರ ದಶಕದ ಕ್ಯಾಲಿಫೋರ್ನಿಯದಲ್ಲಿ ಫಿನ್ ಎಂದರೆ ದೊಡ್ಡದು, ದಪ್ಪದ್ದು, ಮರ ಇಲ್ಲವೇ ಫೈಬರ್‌ಗ್ಲಾಸಿನದು. ಜೋಳದ ರೊಟ್ಟಿಯನ್ನು ನಡುವೆ ಮುರಿದು ಅರ್ಧವನ್ನು ನಿಲ್ಲಿಸಿದ ಹಾಗೆ. ಇಂಗ್ಲಿಷಿನ ಡಿ ಅಕ್ಷರದ ಆಕಾರವಾದ್ದರಿಂದ ಡಿ ಫಿನ್ ಎಂಬ ಹೆಸರು. 1955ರಲ್ಲಿ ಡೇಲ್ ವೆಲ್ಜಿ ಪಿಗ್ ಎಂಬ ಬೋರ್ಡು ಮಾಡಿದರು. ಅಲ್ಲಿಯವರೆಗೆ ಮುಂದಿದ್ದ ಅಗಲವನ್ನು ಹಿಂದಕ್ಕೆ ತಂದು, ಡಿ ಫಿನ್ನನ್ನು ಬಾಲದ ತುತ್ತತುದಿಗೆ ಕೂರಿಸಿದರು. ಇಂದು ಪಿಗ್ ಮಾದರಿಯ ಬೋರ್ಡು ಕೊಳ್ಳುವವರು ಡಿ ಫಿನ್ ಸಹಿತವೇ ಕೊಳ್ಳಬೇಕು. ಅದರ ಗುಣ ಎಂಥದೆಂದರೆ, ಬೋರ್ಡು ನೆಟ್ಟಗೆ ಹೋಗುತ್ತಲೇ ಇರುತ್ತದೆ, ತಿರುಗಲು ಮನಸ್ಸೇ ಮಾಡುವುದಿಲ್ಲ. ಹಿಂದಕ್ಕೆ ನಡೆದುಹೋಗಿ ಬಾಲದ ಮೇಲೆ ಪೂರ್ತಿ ಭಾರ ಹಾಕಿದಾಗ ಮಾತ್ರ ಬಾಗಿಲು ತಿರುಗಣಿಯ ಮೇಲೆ ತಿರುಗಿದಂತೆ ಇಡೀ ಬೋರ್ಡು ಸುತ್ತುತ್ತದೆ. ತಿರುಗಿದ ಮೇಲೆ ಮತ್ತೆ ಅದೇ ನೆಟ್ಟಗಿನ ನಡಿಗೆ. ಆ ಸ್ಥಿರತೆಯನ್ನು ನಂಬಿಯೇ ಸವಾರರು ಬೋರ್ಡಿನ ಮೂತಿಯವರೆಗೆ ಹೆಜ್ಜೆಹಾಕುವ ಧೈರ್ಯ ಮಾಡಿದ್ದು.

ಇದಕ್ಕೂ ತುಸು ಮೊದಲೇ ಒಬ್ಬರು ಬೇರೆಯೇ ಯೋಚಿಸಿದ್ದರು. ಬಾಬ್ ಸಿಮನ್ಸ್ ಕ್ಯಾಲ್‌ಟೆಕ್‌ನಲ್ಲಿ ಓದಿದವರು, ಒಂದು ತೋಳು ಅಪಘಾತದಲ್ಲಿ ಊನವಾಗಿತ್ತು. ವೇಗದೋಣಿಗಳು ನೀರಿನ ಮೇಲೆ ತೇಲುವುದನ್ನು ಬಿಟ್ಟು ಜಾರತೊಡಗುವ ಲೆಕ್ಕಾಚಾರವನ್ನು ಅವರು ಬೋರ್ಡಿಗೆ ತಂದರು. ಜಾರಬೇಕಾದರೆ ಅಗಲ ಬಾಲ ಬೇಕು. ಅಗಲ ಬಾಲದ ನಡುವೆ ಒಂದೇ ಫಿನ್ ಇಟ್ಟರೆ ಬೋರ್ಡು ಓರೆಯಾದಾಗ ಅದು ನೀರು ಬಿಟ್ಟು ಮೇಲೇಳುತ್ತದೆ. ಹಾಗಾಗಿ 1940ರ ದಶಕದ ಕೊನೆಯಲ್ಲಿ ಅವರು ಎರಡು ಅಂಚುಗಳ ಬಳಿ ಅರ್ಧಚಂದ್ರದಂಥ ಎರಡು ಗಿಡ್ಡ ಫಿನ್ ಇಟ್ಟರು. ಯಾವ ಕಡೆ ಓರೆಯಾದರೂ ಆ ಕಡೆಯದು ನೀರೊಳಗೆ ಇರುತ್ತದೆ. 1954ರಲ್ಲಿ ಸ್ಯಾನ್ ಡಿಯಾಗೊ ಬಳಿಯ ವಿಂಡನ್‌ಸೀಯಲ್ಲಿ ದೊಡ್ಡ ಅಲೆಗಳ ನಡುವೆ ಅವರು ತೀರಿಕೊಂಡರು. ಅವರ ಯೋಚನೆಯೂ ಅವರ ಜೊತೆಗೆ ಹೋಯಿತೆಂಬಂತೆ ಬೋರ್ಡುಗಳು ಒಂಟಿ ಫಿನ್‌ಗೇ ಅಂಟಿಕೊಂಡವು.

ಫಿನ್‌ನ ಬಗ್ಗೆ ಎಲ್ಲರಿಗಿಂತ ಆಳವಾಗಿ ಯೋಚಿಸಿದವರು ಯಾರೆಂದು ಕೇಳಿದರೆ ನಾನು ಜಾರ್ಜ್ ಗ್ರೀನೊ ಎನ್ನುತ್ತೇನೆ. ಸ್ಯಾಂಟಾ ಬಾರ್ಬರದ ಇವರು ನಿಂತು ಸವಾರಿ ಮಾಡುವವರೂ ಅಲ್ಲ. ಮೊಣಕಾಲೂರಿ ಸಣ್ಣ ಹಲಗೆಯ ಮೇಲೆ ಹೋಗುವವರು. ನೀರಿಗೆ ಅಷ್ಟು ಹತ್ತಿರ ಕೂತವರಿಗೆ ಫಿನ್‌ನ ಒಂದೊಂದು ಮಿಡಿತವೂ ಮಂಡಿಗೆ ತಟ್ಟುತ್ತದೆ. ಅರ್ಧ ರೊಟ್ಟಿಯಂಥ ದಪ್ಪ ಫಿನ್ ನೀರನ್ನು ಸೀಳುವುದಕ್ಕಿಂತ ತಳ್ಳುವುದೇ ಹೆಚ್ಚೆಂದು ಅವರು ಕಂಡುಕೊಂಡರು. ಅವರ ಕಣ್ಣು ಟ್ಯೂನಾ ಮೀನಿನ, ಅಂದರೆ ನಮ್ಮ ಕರಾವಳಿಯ ಕೇದರದ ಬಾಲದ ಮೇಲೆ ಬಿತ್ತು. ಮಂಗಳೂರಿನ ಧಕ್ಕೆಯಲ್ಲಿ ಕೇದರ ಕಂಡಾಗ ಬಾಲ ಹಿಡಿದು ನೋಡಬೇಕು: ಕುಡುಗೋಲಿನಂತೆ ಕಿರಿದಾಗಿ ಹಿಂದಕ್ಕೆ ಬಾಗಿ, ಬುಡದಲ್ಲಿ ಗಟ್ಟಿ, ತುದಿಯಲ್ಲಿ ತೆಳು. ಮೈಲಿಗಟ್ಟಲೆ ನಿಲ್ಲದೆ ಈಜುವ ಮೀನಿಗೆ ಒಂದಿಷ್ಟೂ ಶಕ್ತಿ ಪೋಲಾಗದ ಅಂಗ ಅದು. ಗ್ರೀನೊ ಅದೇ ರೂಪವನ್ನು ಫೈಬರ್‌ಗ್ಲಾಸಿನಲ್ಲಿ ಮಾಡಿದರು. ಬುಡ ಗಟ್ಟಿ, ತುದಿ ಬಳುಕು. ತಿರುವಿನಲ್ಲಿ ಒತ್ತಡ ಬಿದ್ದಾಗ ತುದಿ ಬಾಗುತ್ತದೆ, ತಿರುವು ಮುಗಿಯುವಾಗ ನೆಟ್ಟಗಾಗುತ್ತ ಸವಾರನನ್ನು ಮುಂದಕ್ಕೆ ಚಿಮ್ಮಿಸುತ್ತದೆ.

ಆಸ್ಟ್ರೇಲಿಯಕ್ಕೆ ಹೋದ ಗ್ರೀನೊಗೆ ಬಾಬ್ ಮೆಕ್‌ಟ್ಯಾವಿಶ್, ನ್ಯಾಟ್ ಯಂಗ್ ಜೊತೆಯಾದರು. 1966ರಲ್ಲಿ ಸ್ಯಾನ್ ಡಿಯಾಗೊದ ವಿಶ್ವ ಚಾಂಪಿಯನ್‌ಷಿಪ್‌ಗೆ ನ್ಯಾಟ್ ಯಂಗ್ ತಂದ ಬೋರ್ಡು ಆ ಕಾಲಕ್ಕೆ ತೆಳ್ಳಗಿನದು, ಹೆಸರು ಮ್ಯಾಜಿಕ್ ಸ್ಯಾಮ್. ಅದರಡಿಯಲ್ಲಿದ್ದದ್ದು ಗ್ರೀನೊ ಮಾದರಿಯ ಹಿಂಬಾಗಿದ ಫಿನ್. ಮೂತಿಯ ಮೇಲೆ ನಿಲ್ಲುವ ಕ್ಯಾಲಿಫೋರ್ನಿಯದವರ ನಯವನ್ನು ನ್ಯಾಟ್ ಯಂಗ್ ಬಲವಾದ ತಿರುವುಗಳಿಂದ ಸೋಲಿಸಿದರು. ಮರುವರ್ಷದಿಂದಲೇ ಬೋರ್ಡುಗಳು ಅಡಿಗಟ್ಟಲೆ ಗಿಡ್ಡವಾದವು. ಶಾರ್ಟ್‌ಬೋರ್ಡಿನ ಕ್ರಾಂತಿಯೆಂದು ಎಲ್ಲರೂ ಬರೆಯುತ್ತಾರೆ. ಬೋರ್ಡು ಗಿಡ್ಡವಾಗುವ ಮೊದಲು ಫಿನ್ ಬದಲಾಗಿತ್ತೆಂಬುದನ್ನು ಅಷ್ಟೇ ಒತ್ತಿ ಹೇಳಬೇಕು.

ಆವರೆಗೆ ಫಿನ್ನನ್ನು ರೆಸಿನ್ ಮತ್ತು ಗ್ಲಾಸ್ ಬಟ್ಟೆಯಿಂದ ಬೋರ್ಡಿಗೇ ಅಂಟಿಸಿಬಿಡುತ್ತಿದ್ದರು. ಅರುವತ್ತರ ದಶಕದಲ್ಲಿ ಟಾಮ್ ಮೋರಿ ಮತ್ತು ಕಾರ್ಲ್ ಪೋಪ್ ಬಿಚ್ಚಿ ಹಾಕುವ ಫಿನ್ ಮಾರಿದರು. ಆಮೇಲೆ ಉದ್ದನೆಯ ತೋಡಿನ ಪೆಟ್ಟಿಗೆ ಬಂತು. ಒಂಟಿ ಫಿನ್ನನ್ನು ಅದರಲ್ಲಿ ಮುಂದೆ ಹಿಂದೆ ಸರಿಸಿ ಸ್ಕ್ರೂ ಬಿಗಿಯುವುದು. ಈಗ ಒಂಟಿ ಫಿನ್‌ನ ರೆಟ್ರೊ ಬೋರ್ಡುಗಳಲ್ಲಿ ಕಾಣುವುದು ಇದೇ ಏರ್ಪಾಡು. ಮೂರು ಫಿನ್‌ಗಳ ಕಾಲದಲ್ಲಿ, ತೊಂಬತ್ತರ ದಶಕದಲ್ಲಿ, ಎಫ್‌ಸಿಎಸ್ ಮತ್ತು ಫ್ಯೂಚರ್ಸ್‌ನ ಸಣ್ಣ ಪೆಟ್ಟಿಗೆಗಳು ಬಂದವು. ಒಂದೇ ಬೋರ್ಡಿನ ಮೇಲೆ ಹತ್ತು ಬಗೆ ಪ್ರಯೋಗ ಸಾಧ್ಯವಾದದ್ದು ಆಗ.

ಸಿಮನ್ಸರ ಎರಡು ಫಿನ್ ಮರಳಿ ಬಂದದ್ದು ಅವರು ತೀರಿಕೊಂಡ ಊರಿಗೇ, ಅದೂ ಮತ್ತೊಬ್ಬ ಮೊಣಕಾಲು ಸವಾರನ ಕೈಯಲ್ಲಿ. 1967ರಲ್ಲಿ ಸ್ಯಾನ್ ಡಿಯಾಗೊದ ಸ್ಟೀವ್ ಲಿಸ್ ಎಂಬ ಹುಡುಗ ಐದಡಿಯ ಆಸುಪಾಸಿನ, ದಪ್ಪ, ಚಪ್ಪಟೆ, ಅಗಲ ಹಲಗೆಯೊಂದನ್ನು ಮಾಡಿದ. ಬಾಲವನ್ನು ನಡುವೆ ಆಳವಾಗಿ ಸೀಳಿ, ಎರಡು ಕವಲಿಗೂ ಒಂದೊಂದು ಕೀಲ್ ಫಿನ್ ಕೊಟ್ಟ. ಕೀಲ್ ಎಂದರೆ ಬುಡ ಉದ್ದ, ಎತ್ತರ ಕಡಿಮೆ. ಪ್ಲೈವುಡ್‌ನಲ್ಲಿ ಕೊರೆದದ್ದನ್ನು ಕೈಯಲ್ಲಿ ಹಿಡಿದರೆ ಅಂಚಿನಲ್ಲಿ ಪದರ ಪದರ ಮರದ ಗೆರೆಗಳು ಕಾಣುತ್ತವೆ. ಬುಡ ಒಂಬತ್ತು ಇಂಚಿನಷ್ಟಿದ್ದರೆ ಆಳ ಐದು ಇಂಚಿನಷ್ಟು. ಇವನ್ನು ಬೋರ್ಡಿನ ನಡುಗೆರೆಗೆ ಹೆಚ್ಚುಕಡಿಮೆ ಸಮಾಂತರವಾಗಿ, ಹೆಚ್ಚು ಹೊರಗೆ ಓರೆಮಾಡದೆ, ಬಾಲದ ತುದಿಯ ಹತ್ತಿರ ಕೂರಿಸುತ್ತಾರೆ. ಕವಲಿನಿಂದಾಗಿ ಅಗಲ ಬಾಲ ಎರಡು ಕಿರಿದಾದ ಬಾಲಗಳಂತೆ ಕೆಲಸ ಮಾಡುತ್ತದೆ. ಎಡಕ್ಕೆ ಒರಗಿದಾಗ ಎಡದ ಕವಲು, ಎಡದ ಕೀಲು ಮಾತ್ರ ನೀರೊಳಗೆ. ಬಲದ್ದಕ್ಕೆ ಬಿಡುವು.

ಬಾಲದ ನಡುವೆ ನೀರನ್ನು ತಡೆಯುವ ಫಿನ್ ಇಲ್ಲದ್ದರಿಂದ ಕೀಲ್ ಹಾಕಿದ ಫಿಶ್ ಎದ್ದು ನಿಂತ ಕೂಡಲೇ ಓಡುತ್ತದೆ. ಉದ್ದ ಬುಡ ನೀರಿನ ದಾರಿಯನ್ನು ಬಹಳ ಹೊತ್ತು ಹಿಡಿದಿರುವುದರಿಂದ ಅಲೆಯ ಗೋಡೆಗುಂಟ ರೈಲು ಹಳಿ ಹಿಡಿದ ಹಾಗೆ ಹೋಗುತ್ತದೆ. ತಿರುವು ಮಾತ್ರ ಉದ್ದನೆಯದು, ಒರಗಿಕೊಂಡು ಕಾಯಬೇಕು. ಅವಸರಪಟ್ಟು ಹಿಂಗಾಲಿನಿಂದ ಒದ್ದರೆ ಆಳ ಕಡಿಮೆಯಿರುವ ಫಿನ್ ಸೂಚನೆ ಕೊಡದೆ ಹಿಡಿತ ಬಿಡುತ್ತದೆ. 1972ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮತ್ತೆ ಸ್ಯಾನ್ ಡಿಯಾಗೊಗೆ ಬಂದಾಗ ಮೊದಲೆರಡು ಸ್ಥಾನ ಪಡೆದ ಜಿಮ್ ಬ್ಲಿಯರ್ಸ್ ಮತ್ತು ಡೇವಿಡ್ ನೂಹಿವಾ ಇಬ್ಬರ ಕಾಲಡಿಯಲ್ಲೂ ಫಿಶ್ ಇತ್ತು. ಹೊರಗಿನವರು ತಮ್ಮ ಊರಿನ ಬೋರ್ಡು ಎತ್ತಿಕೊಂಡರೆಂಬ ಸಿಟ್ಟಿಗೆ ಯಾರೋ ನೂಹಿವಾರ ಫಿಶ್ ಒಂದನ್ನು ಕದ್ದು, ಮುರಿದು, ಪಿಯರ್‌ಗೆ ನೇತುಹಾಕಿದ್ದರು. ಒಂದು ಆಕಾರದ ಮೇಲೆ ಊರಿನವರಿಗೆ ಅಷ್ಟು ಒಡೆತನದ ಭಾವ.

ಆ ಫಿಶ್ ಆಸ್ಟ್ರೇಲಿಯಕ್ಕೆ ಹೋಗಿ ಬೇರೆಯಾಯಿತು. 1976ರಲ್ಲಿ ಹವಾಯಿಯ ರೆನೊ ಅಬೆಲಿರ ತಂದ ಐದಡಿ ಮೂರು ಇಂಚಿನ ಫಿಶ್ ಕಂಡ ನ್ಯೂಕ್ಯಾಸಲ್‌ನ ಮಾರ್ಕ್ ರಿಚರ್ಡ್ಸ್, ಅದರಿಂದ ತಮ್ಮದೇ ಎರಡು ಫಿನ್‌ನ ಬೋರ್ಡು ಬೆಳೆಸಿದರು. ಬಾಲ ಕಿರಿದಾಯಿತು, ಫಿನ್‌ಗಳ ಬುಡ ಗಿಡ್ಡವಾಗಿ ಎತ್ತರ ಹೆಚ್ಚಿತು, ಮೂತಿಯ ಕಡೆಗೆ ತುಸು ಒಳಮುಖವಾಗಿ ತಿರುಗಿ ಹೊರಗೆ ಓರೆಯಾದವು. 1979ರಿಂದ 1982ರವರೆಗೆ ಸತತ ನಾಲ್ಕು ವಿಶ್ವ ಪಟ್ಟ. ಕೀಲ್‌ಗೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆ, ಸ್ವಭಾವ ಮಾತ್ರ ಬೇರೆ. ಇದು ಚುರುಕು, ನಿಂತಲ್ಲೇ ತಿರುಗುತ್ತದೆ, ಸಣ್ಣ ಅಲೆಯಲ್ಲಿ ಕುಣಿಯುತ್ತದೆ. ಅಲೆ ದೊಡ್ಡದಾದರೆ ಹುಚ್ಚು ಹಿಡಿದಂತೆ ಜಾರುತ್ತದೆ.

ಸಿಡ್ನಿಯ ನ್ಯಾರಬೀನ್‌ನ ಸೈಮನ್ ಆ್ಯಂಡರ್‌ಸನ್ ಎತ್ತರದ, ಗಟ್ಟಿ ಮೈಯ ಆಳು. ಅವರ ಭಾರಕ್ಕೆ ಎರಡು ಫಿನ್‌ನ ಬೋರ್ಡು ನಿಲ್ಲುತ್ತಲೇ ಇರಲಿಲ್ಲ, ಬೇರೆಯವರು ಮಾತ್ರ ಅದರ ಮೇಲೇ ಗೆಲ್ಲುತ್ತಿದ್ದರು. 1980ರ ಅಕ್ಟೋಬರ್‌ನಲ್ಲಿ, ಗೆಳೆಯನೊಬ್ಬನ ಎರಡು ಫಿನ್‌ನ ಬೋರ್ಡಿನ ಹಿಂದೆ ಅರ್ಧಚಂದ್ರದ ಚಿಕ್ಕ ಮೂರನೆಯ ಫಿನ್ ಕಂಡ ಅವರು, ಮೂರನ್ನೂ ಒಂದೇ ಅಳತೆಗೆ ತಂದು ಥ್ರಸ್ಟರ್ ಮಾಡಿದರು. ಮರುವರ್ಷ ಬೆಲ್ಸ್ ಬೀಚ್‌ನ ರಾಕ್ಷಸ ಅಲೆಗಳಲ್ಲಿ, ಸಿಡ್ನಿಯಲ್ಲಿ, ಹವಾಯಿಯ ಪೈಪ್‌ಲೈನ್‌ನಲ್ಲಿ ಗೆದ್ದರು. ಪೇಟೆಂಟ್ ಮಾಡಿಸಲಿಲ್ಲ, ಜಗತ್ತೆಲ್ಲ ನಕಲು ಮಾಡಿತು. ಮೂರು ಫಿನ್ ಯಾರು ಮೊದಲು ಇಟ್ಟದ್ದೆಂದರೆ, ಆಕ್ಸ್‌ನಾರ್ಡಿನ ಕ್ಯಾಂಪ್‌ಬೆಲ್ ಸೋದರರ ಬೋನ್ಜರ್‌ನಲ್ಲಿ ಅವು ಎಪ್ಪತ್ತರ ದಶಕದ ಆರಂಭದಲ್ಲೇ ಇದ್ದವು. ಅದರ ಅಡಿಯ ಆಳವಾದ ಕಾಲುವೆಗಳ ಸವಿಯೇ ಬೇರೆ, ಅದಕ್ಕೆ ಇನ್ನೊಂದು ಲೇಖನ ಬೇಕು.

ಥ್ರಸ್ಟರ್‌ನ ಗೆಲುವು ನ್ಯಾಯದ್ದು. ಪಕ್ಕದ ಫಿನ್‌ಗಳ ವೇಗ, ಹಿಂದಿನ ನಡುಫಿನ್‌ನ ಹಿಡಿತ, ಯಾವ ಅಲೆಗೂ ನಂಬಬಹುದು. ಬದಲಿಗೆ ಕೊಟ್ಟದ್ದೇನೆಂದರೆ, ಬೋರ್ಡು ತಾನಾಗಿ ಓಡುವುದನ್ನು ಬಿಟ್ಟಿತು. ಸವಾರ ಎಡಕ್ಕೂ ಬಲಕ್ಕೂ ತುಳಿಯುತ್ತ ವೇಗ ಹುಟ್ಟಿಸಬೇಕು. ತೆಳ್ಳಗಿನ ಬೋರ್ಡು, ಮೂರು ಫಿನ್. ಹದಿನೈದು ವರ್ಷ ಮಳಿಗೆಗಳಲ್ಲಿ ಬೇರೇನೂ ಹೆಚ್ಚಾಗಿ ಕಾಣಲಿಲ್ಲ. ಚಾಂಪಿಯನ್ನರ ಬೋರ್ಡಿನ ಮೇಲೆ ಭಾನುವಾರದ ಸವಾರರು ಮುಳುಗಿದರು.

1996ರಲ್ಲಿ ಆ್ಯಂಡ್ರ್ಯೂ ಕಿಡ್ಮನ್‌ರ ಲಿಟ್ಮಸ್ ಚಿತ್ರ ಬಂತು. ಅದರಲ್ಲಿ ಡೆರೆಕ್ ಹಿಂಡ್ ದಕ್ಷಿಣ ಆಫ್ರಿಕದ ಜೆಫ್ರೀಸ್ ಬೇಯ ಉದ್ದನೆಯ ಅಲೆಗಳಲ್ಲಿ ಮೂಲೆಗೆ ಬಿದ್ದಿದ್ದ ಆಕಾರಗಳನ್ನು ಓಡಿಸುತ್ತಾರೆ, ಫಿಶ್ ಕೂಡ. 1999ರಲ್ಲಿ ಥಾಮಸ್ ಕ್ಯಾಂಪ್‌ಬೆಲ್‌ರ ಸೀಡ್ಲಿಂಗ್ ಒಂಟಿ ಫಿನ್‌ನ ಲಾಂಗ್‌ಬೋರ್ಡಿಗೆ ಅದೇ ಕೆಲಸ ಮಾಡಿತು. ರೆಟ್ರೊ ಎಂಬ ಮಾತು ಅಲ್ಲಿಂದ ಹರಡಿತು. 2006ರ ಸುಮಾರಿಗೆ ಸ್ಯಾನ್ ಡಿಯಾಗೊದಲ್ಲಿ ಸಿಮನ್ಸರ ಹಲಗೆಯನ್ನು ಐದಾರು ಅಡಿಗೆ ಇಳಿಸಿ ಮಿನಿ ಸಿಮನ್ಸ್ ಮಾಡಿದರು, ಅವೇ ಅರ್ಧಚಂದ್ರದ ಗಿಡ್ಡ ಕೀಲುಗಳೊಂದಿಗೆ. ಇಷ್ಟರಲ್ಲಿ ಹಿಂಡ್ ಫಿನ್ನನ್ನೇ ಕಿತ್ತೆಸೆದು ಜೆಫ್ರೀಸ್ ಬೇಯಲ್ಲಿ ಜಾರತೊಡಗಿದ್ದರು. ಟಾಮ್ ವೆಗೆನರ್ ಹವಾಯಿಯ ಅಲಾಯವನ್ನು ಮತ್ತೆ ಕೊರೆದರು. ಕೆಲಿ ಮತ್ತು ಫ್ರಾಯ್ಸೆತ್‌ರ ಕೊಡಲಿ ಪ್ರಶ್ನೆ ಎಪ್ಪತ್ತು ವರ್ಷದ ಮೇಲೆ ಮತ್ತೆ ಕಡಲಿಗಿಳಿಯಿತು.

ರೆಟ್ರೊ ಬೋರ್ಡು ಇರುವವರಿಗೆ ಅನುಭವದ ಮಾತು ಹೇಳುವುದಾದರೆ, ಮೊದಲು ಫಿನ್‌ನ ಬುಡ ನೋಡಿ. ಉದ್ದವಿದ್ದಷ್ಟೂ ಮುನ್ನುಗ್ಗುವ ಬಲ. ಆಳ ಹೆಚ್ಚಿದ್ದಷ್ಟೂ ಹಿಡಿತ. ಹಿಂದಕ್ಕೆ ಬಾಗಿದ್ದರೆ ತಿರುವು ನೀಳ, ನೆಟ್ಟಗಿದ್ದರೆ ತಿರುವು ಚಿಕ್ಕದು. ಒಂಟಿ ಫಿನ್‌ಗೆ ಬೋರ್ಡಿನ ಅಡಿಗೊಂದು ಇಂಚು ಎಂಬ ಹಳೆಯ ಲೆಕ್ಕ ಈಗಲೂ ಬಹುಮಟ್ಟಿಗೆ ಸರಿ: ಒಂಬತ್ತಡಿಗೆ ಒಂಬತ್ತು ಇಂಚು. ಪೆಟ್ಟಿಗೆಯ ತೋಡಿನಲ್ಲಿ ಅದನ್ನು ಅರ್ಧ ಇಂಚು ಮುಂದೆ ಸರಿಸಿದರೆ ಬಾಲ ಸಡಿಲ, ಹಿಂದೆ ಸರಿಸಿದರೆ ಬಿಗಿ. ಈ ಅರ್ಧ ಇಂಚಿನ ವ್ಯತ್ಯಾಸ ನನ್ನ ಕಾಲಿಗೆ ತಿಳಿಯಲು ಎರಡು ವರ್ಷ ಬೇಕಾಯಿತು, ತಿಳಿದ ದಿನದ ಸಂತೋಷ ಇನ್ನೂ ಇದೆ. ಎಗ್ ಆಕಾರಕ್ಕೆ ಏಳು ಇಂಚಿನ ನಡುಫಿನ್, ಎರಡು ಪಕ್ಕಕ್ಕೆ ಮರಿಫಿನ್ ಹಾಕಿಕೊಳ್ಳುವವರಿದ್ದಾರೆ. ಕಲಿಯುವವರಿಗೆ ಅದು ಒಳ್ಳೆಯ ಊರುಗೋಲು. ಫಿಶ್‌ಗೆ ನಾಲ್ಕು ಫಿನ್ ಹಾಕಿದರೆ ಕಡಿದಾದ ಅಲೆಯಲ್ಲೂ ಅಂಚು ಬಿಡುವುದಿಲ್ಲ, ವೇಗವೂ ಉಳಿಯುತ್ತದೆ, ಆದರೆ ತಿರುವಿನ ಕೊನೆಯ ಆ ಸಣ್ಣ ಜಾರಾಟ ಕಳೆದುಹೋಗುತ್ತದೆ. ನನಗೆ ಫಿಶ್ ಬೇಕಾದದ್ದೇ ಅದಕ್ಕಾಗಿ.

ಮೂಲ್ಕಿಯಲ್ಲಿ ಜ್ಯಾಕ್ ಹೆಬ್ನರ್ ಆಶ್ರಮದೊಂದಿಗೇ ಸರ್ಫಿಂಗ್ ಶುರುಮಾಡಿದ ಮೇಲೆ, 2016ರಲ್ಲಿ ಸಸಿಹಿತ್ಲುವಿನಲ್ಲಿ, ಆಮೇಲೆ ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದವು. ನಮ್ಮ ಹುಡುಗರ ಕೈಯಲ್ಲಿ ಹೆಚ್ಚಾಗಿ ಥ್ರಸ್ಟರ್‌ಗಳೇ. ಮಳೆಗಾಲದ ಹೊರಗೆ ನಮ್ಮ ಅಲೆಗಳು ಸಣ್ಣವು, ಮೆತ್ತಗಿನವು. ಅಗಲ ಬಾಲದ, ತಾನಾಗಿ ಓಡುವ ಬೋರ್ಡಿಗೆ ಹೇಳಿಮಾಡಿಸಿದಂಥವು. ಹಾಗಾಗಿ ಹೋದ ವರ್ಷ ಮಾರ್ಚ್‌ನಲ್ಲಿ ಸಸಿಹಿತ್ಲುವಿನ ಅಳಿವೆಯ ಬಳಿ ಒಬ್ಬ ಹುಡುಗನ ಐದಡಿ ಎಂಟು ಇಂಚಿನ ಫಿಶ್ ಕಂಡಾಗ ಕೇಳಿ ಪಡೆದೆ. ಮೊದಲು ಹಾಕಿದ್ದು ಕೀಲು. ಸೊಂಟದೆತ್ತರದ ಎಡಗಡೆಯ ಅಲೆ. ಎದ್ದು ನಿಂತೆ, ಏನೂ ಮಾಡಲಿಲ್ಲ, ಬೋರ್ಡು ತನ್ನಷ್ಟಕ್ಕೆ ನೊರೆಯ ಮುಂದೆ ಓಡಿತು. ಎರಡು ಕೀಲುಗಳ ನಡುವೆ ನೀರು ಹಾಯುವ ಸಣ್ಣ ಗುಂಯ್ ಸದ್ದು ಹಿಮ್ಮಡಿಗೆ ಕೇಳಿಸುತ್ತಿತ್ತು.

"ಇದನ್ನೊಮ್ಮೆ ಹಾಕಿ ನೋಡಿ ಮಾರಾಯ್ರೆ" ಎಂದು ಹುಡುಗ ಚೀಲದಿಂದ ನೆಟ್ಟಗಿನ ಎರಡು ಫಿನ್ ತೆಗೆದ. ಅದೇ ಬೋರ್ಡು, ಅದೇ ಅಲೆ. ಮೊದಲ ತಿರುವಿನಲ್ಲೇ ಬಾಲ ನಾನೆಣಿಸಿದ್ದಕ್ಕಿಂತ ಮುಂಚೆ ಸುತ್ತಿ ನಾನು ನೀರಿಗೆ. ನಾಲ್ಕನೇ ಅಲೆಗೆ ಹೊಂದಿಕೊಂಡೆ, ಕುಣಿತ ಚೆನ್ನಾಗಿತ್ತು. ಆಮೇಲೆ ನಡುವಿನ ಪೆಟ್ಟಿಗೆಗೆ ಮೂರು ಇಂಚಿನ ಮರಿಫಿನ್ ಒಂದು. ಜಾರಾಟ ಹಿಡಿತಕ್ಕೆ ಬಂತು, ಬೀಳಲಿಲ್ಲ, ಆದರೆ ಓಟಕ್ಕೆ ಯಾರೋ ಹಿಂದಿನಿಂದ ಅಂಗಿ ಹಿಡಿದ ಹಾಗೆ.

ದಡಕ್ಕೆ ಬಂದಾಗ ಇಳಿತ ಶುರುವಾಗಿ ಅಲೆ ಇನ್ನೂ ಉದ್ದವಾಗಿ ಹೊಳೆಯ ಕಡೆಗೆ ಸಾಗುತ್ತಿತ್ತು. ಯಾವುದು ಹಾಕಲಿ ಎಂದು ಹುಡುಗ ಕೇಳಿದ. ಕೀಲು ಎಂದೆ. ಅವನು ಬೋರ್ಡನ್ನು ಮರಳ ಮೇಲೆ ಮಗುಚಿ, ಹಿಡಿಸೂಡಿಯ ಕಡ್ಡಿಯಿಂದ ಸ್ಕ್ರೂ ತೂತಿನ ಮರಳು ಕೆದಕಿ ತೆಗೆದು, ಬಾಯಿಯಿಂದ ಊದಿ, ಎಡದ ಕೀಲನ್ನು ಕೂರಿಸಿದ. ಬಲದ್ದನ್ನು ನನ್ನ ಕೈಗೆ ಕೊಟ್ಟ.